ಲಕ್ಷ ಕೋಟಿ ಪಟ್ಟು ಕೂಗಿದರೂ ಹನ್ನೆರಡೇ ಮೀಟರ್

ಮನುಷ್ಯನ ಕಿವಿಗೆ ಕೇಳಿಸುವ ಅತಿ ಸಣ್ಣ ಸದ್ದಿಗೆ ಒಂದು ಅಂತ ಬೆಲೆ ಕಟ್ಟೋಣ. ಯಾದಗಿರಿ ಜಿಲ್ಲೆಯ ಶಹಾಪುರದ ಬಸ್ ನಿಲ್ದಾಣದ ಮುಂದೆ ಹಾದುಹೋಗುವ ಆಂಬುಲೆನ್ಸಿನ ಸೈರನ್ನು, ಮೂರು ಮೀಟರ್ ದೂರದಲ್ಲಿ ನಿಂತವನಿಗೆ, ಒಂದು ಲಕ್ಷ ಕೋಟಿ. ಒಂದರ ಮುಂದೆ ಹನ್ನೆರಡು ಸೊನ್ನೆ. ಡೆಸಿಬೆಲ್ ಎಂಬ ಅಳತೆ ಇಷ್ಟು ದೊಡ್ಡ ಸಂಖ್ಯೆಯನ್ನು ಮಡಚಿಟ್ಟು ಬರೀ 120 ಎನ್ನುತ್ತದೆ. ಅದರಲ್ಲಿ ಪ್ರತಿ ಹತ್ತು ಹೆಚ್ಚಿದಾಗಲೂ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆ. ಮೂರು ಹೆಚ್ಚಿದರೆ ಸಾಕು, ದುಪ್ಪಟ್ಟು. ಹಾಗಾಗಿ 120 ಎಂಬುದು 60ರ ಎರಡು ಪಟ್ಟು ಎಂದುಕೊಂಡವರು ಲೆಕ್ಕದಲ್ಲಿ ಐದು ಲಕ್ಷ ಪಟ್ಟಿನಷ್ಟು ಹಿಂದೆ ಬಿದ್ದಿರುತ್ತಾರೆ.

ಕಾನೂನು ಏನನ್ನುತ್ತದೆ ನೋಡಿ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ ನೂರು ಮೀಟರ್ ನಿಶ್ಶಬ್ದ ವಲಯ. ಅಲ್ಲಿ ಹಗಲಿಗೆ 50 ಡೆಸಿಬೆಲ್, ರಾತ್ರಿ ಹತ್ತರ ಮೇಲೆ 40. ಯಾದಗಿರಿಯ ಜಿಲ್ಲಾಸ್ಪತ್ರೆಯ ಗೇಟಿಗೆ ರಾತ್ರಿ ಎರಡಕ್ಕೆ ಸೈರನ್ ಹಾಕಿಕೊಂಡೇ ಬಂದ ಗಾಡಿ, ತನ್ನ ಮೂತಿಯ ಎದುರಿಗೆ, ಈ ಮಿತಿಗಿಂತ ಹತ್ತು ಕೋಟಿ ಪಟ್ಟು ಶಕ್ತಿಯ ಸದ್ದು ಮಾಡುತ್ತಿರುತ್ತದೆ. ನೂರು ಮೀಟರ್ ದೂರದ ವಾರ್ಡಿನ ಕಿಟಕಿಗೆ ಬರುವಷ್ಟರಲ್ಲಿ ಅದು ಸುಮಾರು 90ಕ್ಕೆ ಇಳಿದಿರುತ್ತದೆ. ಅಂದರೂ ಮಿತಿಯ ಲಕ್ಷ ಪಟ್ಟು. ಇದರಲ್ಲಿ ಯಾರದೂ ತಪ್ಪಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 119ನೇ ನಿಯಮ ಉಳಿದ ಗಾಡಿಗಳಿಗೆ ಬಹುಸ್ವರದ ಹಾರ್ನ್ ನಿಷೇಧಿಸಿ, ಆಂಬುಲೆನ್ಸ್, ಅಗ್ನಿಶಾಮಕ, ಪೊಲೀಸ್ ಮುಂತಾದ ವಾಹನಗಳನ್ನು ಅದರಿಂದ ಬಿಟ್ಟಿದೆ. ನಿಶ್ಶಬ್ದ ವಲಯದೊಳಕ್ಕೆ ಇಷ್ಟು ಸದ್ದು ಹೊತ್ತು ಬರುವವನೂ ಅಲ್ಲಿನ ರೋಗಿಯ ಸಲುವಾಗಿಯೇ ಬರುತ್ತಾನೆ ಎಂಬುದೇ ಇಲ್ಲಿನ ಪೇಚು.

ಸೈರನ್ ಪೆಟ್ಟಿಗೆಯನ್ನು ಹತ್ತಿರದಿಂದ ನೋಡಿದವರು ಕಡಿಮೆ. ಚಾಲಕನ ಎಡಗೈಗೆ ಸಿಗುವಂತೆ ಡ್ಯಾಶ್‌ಬೋರ್ಡಿನಲ್ಲಿ ಕೂರಿಸಿದ ಒಂದು ಕಪ್ಪು ಆಂಪ್ಲಿಫೈಯರು, ನಾಲ್ಕೈದು ಬಟನ್, ಸುರುಳಿ ವೈರಿನ ಕೈಮೈಕು. ಒಂದು ಬಟನ್ ಒತ್ತಿದರೆ ನಿಧಾನಕ್ಕೆ ಏರಿ ಇಳಿಯುವ 'ವೇಲ್': ನಿಮಿಷಕ್ಕೆ 10ರಿಂದ 30 ಸಲ. ಇನ್ನೊಂದಕ್ಕೆ ಅವಸರದ 'ಯೆಲ್ಪ್': ನಿಮಿಷಕ್ಕೆ 150ರಿಂದ 250 ಸಲ. ಮತ್ತೊಂದಕ್ಕೆ ಎರಡೇ ಸ್ವರಗಳ 'ಹೈ-ಲೋ'. ಹೊರಗೆ ನೂರು ವಾಟಿನ ಒಂದು ಸ್ಪೀಕರ್. ಎಷ್ಟೋ ಗಾಡಿಗಳಲ್ಲಿ ಅದು ನೆತ್ತಿಯ ಮೇಲೆ, ಚಾಲಕನ ತಲೆಯಿಂದ ಒಂದೆರಡು ಮೊಳದ ಅಂತರದಲ್ಲಿ ಇರುತ್ತದೆ.

ಈಗ ಈ ನೂರು ವಾಟು ಯಾರಿಗೆ ಏನು ಹೇಳಬೇಕು? ಮುಂದಿನ ನೂರು ಮೀಟರ್ ರಸ್ತೆಯಲ್ಲಿ ಇರುವವರಿಗೆ 'ಪಕ್ಕಕ್ಕೆ ಸರಿಯಿರಿ' ಅಂತ. ಹತ್ತು ಮೀಟರ್ ಅಗಲದ ರಸ್ತೆ ಎಂದರೆ ಒಂದು ಸಾವಿರ ಚದರ ಮೀಟರ್ ಜಾಗ. ಸದ್ದಿಗೆ ಮಾತ್ರ ಆ ಗೆರೆ ಗೊತ್ತಿಲ್ಲ. ಗಾಳಿ, ನೆಲ, ಗೋಡೆ ನುಂಗಿದ್ದನ್ನೆಲ್ಲ ಧಾರಾಳವಾಗಿ ಕಳೆದರೂ ಒಂದು ಕಿಲೋಮೀಟರ್ ದೂರದಲ್ಲಿ ಅದು 55 ಡೆಸಿಬೆಲ್ ಆಸುಪಾಸು ಉಳಿದಿರುತ್ತದೆ. ವಸತಿ ಪ್ರದೇಶದ ರಾತ್ರಿಯ ಮಿತಿ 45. ಒಂದು ಕಿಲೋಮೀಟರ್ ತ್ರಿಜ್ಯದ ವೃತ್ತವೆಂದರೆ 31 ಲಕ್ಷ ಚದರ ಮೀಟರ್. ಸಾವಿರ ಚದರ ಮೀಟರಿಗೆ ಹೇಳಬೇಕಾದ ಮಾತನ್ನು ಮೂರು ಸಾವಿರ ಪಟ್ಟು ಜಾಗಕ್ಕೆ ಹೇಳುತ್ತಿದ್ದೇವೆ. ಸ್ಪೀಕರಿನ ಬಾಯಿ ಮುಂದಕ್ಕಿರುವುದರಿಂದ ಹಿಂಭಾಗಕ್ಕೆ ಸದ್ದು ಒಂದಿಷ್ಟು ಕಡಿಮೆ ಹೋಗುತ್ತದೆ ಎಂದು ಬೇಕಾದರೆ ಅರ್ಧ ತೆಗೆಯಿರಿ. ಒಂದೂವರೆ ಸಾವಿರ ಪಟ್ಟು ಉಳಿಯಿತು. ಸುರಪುರದಂಥ ಊರು ಬೇರೆ: ಸುತ್ತ ಬಂಡೆಗುಡ್ಡ, ನಡುವೆ ಇಕ್ಕಟ್ಟಿನ ಓಣಿ. ಬಂಡೆಗೆ ಬಡಿದು ತಿರುಗಿ ಬಂದ ಸದ್ದಿನಲ್ಲಿ ಗಾಡಿ ರಂಗಂಪೇಟೆ ಕಡೆಯಿಂದ ಬರುತ್ತಿದೆಯೋ ತಿಮ್ಮಾಪುರದ ಕಡೆಯಿಂದಲೋ ತಿಳಿಯುವುದೇ ಕಷ್ಟ.

ಇಷ್ಟು ಕೂಗಿದ ಮೇಲೆ ಕೇಳಬೇಕಾದವನಿಗೆ ಕೇಳಿತೇ? 1970ರ ದಶಕದ ಕೊನೆಯಲ್ಲಿ ಅಮೆರಿಕದ ಸಾರಿಗೆ ಇಲಾಖೆಗಾಗಿ ಇದನ್ನು ಅಳೆದರು. ಎದುರಿನ ರಸ್ತೆ ಕಾಣದ ಊರೊಳಗಿನ ಅಡ್ಡರಸ್ತೆಯಲ್ಲಿ, ಕಿಟಕಿ ಏರಿಸಿಕೊಂಡು ಬರುವ ಕಾರಿನವನಿಗೆ ಸೈರನ್ನು ಖಾತ್ರಿಯಾಗಿ ಮುಟ್ಟುವ ದೂರ 8ರಿಂದ 12 ಮೀಟರ್. ಗಂಟೆಗೆ 60 ಕಿ.ಮೀ. ವೇಗದ ಗಾಡಿ 12 ಮೀಟರ್ ದಾಟಲು ಮುಕ್ಕಾಲು ಸೆಕೆಂಡೂ ಬೇಡ. ಸದ್ದು ಕೇಳಿ, ಏನೆಂದು ತಿಳಿದು, ಬ್ರೇಕಿನ ಮೇಲೆ ಕಾಲಿಡಲು ಸಾಮಾನ್ಯ ಚಾಲಕನಿಗೆ ಒಂದರಿಂದ ಒಂದೂವರೆ ಸೆಕೆಂಡು ಬೇಕು. ಒಂದು ಕಿಲೋಮೀಟರ್ ಆಚೆ ತೊಟ್ಟಿಲಲ್ಲಿ ಮಲಗಿದ ಕೂಸು ಎಚ್ಚರಾಗುತ್ತದೆ, ಅಡ್ಡಬರುವ ಕಾರಿನವನು ಮಾತ್ರ ಬ್ರೇಕ್ ಹಿಡಿಯುವಷ್ಟರಲ್ಲಿ ತಡವಾಗಿರುತ್ತದೆ.

ಹಾಗಾದರೆ ಇನ್ನೂ ಜೋರಾಗಿ ಕೂಗಿಸೋಣವೇ? ಲೆಕ್ಕ ಹಾಕಿ. ಬಯಲಿನಲ್ಲಿ ದೂರ ದುಪ್ಪಟ್ಟಾದಾಗಲೆಲ್ಲ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಅದನ್ನು ತುಂಬಿಕೊಡಲು ನಾಲ್ಕು ಪಟ್ಟು ವಾಟು ಬೇಕು. 12 ಮೀಟರ್ ಹೋಗಿ 24 ಆಗಲು 400 ವಾಟು. 48 ಆಗಲು 1,600. 96 ಆಗಲು 6,400. ನೂರು ಮೀಟರ್ ಮೊದಲೇ ಎಚ್ಚರಿಸುವ ಆಂಬುಲೆನ್ಸು ಬೇಕೆಂದರೆ ಗಣಪತಿ ಮೆರವಣಿಗೆಯ ಡಿಜೆಯನ್ನೇ ನೆತ್ತಿಯ ಮೇಲೆ ಹೊತ್ತು ತಿರುಗಬೇಕು. ಒಳಗೆ ಮಲಗಿದ ಎದೆನೋವಿನವನ ಗತಿ ಏನು?

ಒಳಗಿನವರ ಕಿವಿಯ ಲೆಕ್ಕವನ್ನು ಈಗಿನ ನೂರು ವಾಟಿಗೇ ಮಾಡಬಹುದು. ಕೆಲಸದ ಜಾಗದ ಸದ್ದಿಗೆ ಅಮೆರಿಕದ ನಿಯೋಶ್ ಸಂಸ್ಥೆ ಹಾಕಿದ ಮಿತಿ ಹೀಗಿದೆ: 85 ಡೆಸಿಬೆಲ್ ಇದ್ದರೆ ದಿನಕ್ಕೆ ಎಂಟು ತಾಸು, ಆಮೇಲೆ ಪ್ರತಿ 3 ಡೆಸಿಬೆಲಿಗೆ ಅವಧಿ ಅರ್ಧ. 100 ಮುಟ್ಟಿದರೆ ಹದಿನೈದೇ ನಿಮಿಷ. ಸುರಪುರದಿಂದ ಹೃದ್ರೋಗಿಯನ್ನು ಕಲಬುರಗಿಯ ಜಯದೇವ ಆಸ್ಪತ್ರೆಗೆ ಒಯ್ಯಬೇಕಾಗಿದೆ ಎನ್ನಿ. ಶಹಾಪುರ, ಜೇವರ್ಗಿ ಹಾದು ಹೋಗುವ ಆ ದಾರಿ ನೂರು ಕಿ.ಮೀ. ಮೀರುತ್ತದೆ, ಲೆಕ್ಕಕ್ಕೆ ನೂರೇ ಹಿಡಿಯೋಣ. ಗಂಟೆಗೆ 60ರಂತೆ ನೂರು ನಿಮಿಷ. ನೆತ್ತಿಯ ಸ್ಪೀಕರಿನಿಂದ ಕ್ಯಾಬಿನ್ನಿನಲ್ಲಿ 100 ಡೆಸಿಬೆಲ್ ಇದ್ದು, ಸೈರನ್ ಆರಿಸದೇ ಹೋದರೆ, ಚಾಲಕನ ಕಿವಿ ಆರೂವರೆ ದಿನದ ಪಾಲನ್ನು ಒಂದೇ ಓಟದಲ್ಲಿ ನುಂಗಿರುತ್ತದೆ. ನೆನಪಿರಲಿ, ಅವನು ಖಾಲಿ ಗಾಡಿ ತಿರುಗಿಸಿಕೊಂಡು ವಾಪಸು ಬರಬೇಕು, ಆಮೇಲೆ ಮುಂದಿನ ಕರೆ.

ಇಲ್ಲಿ ತಂತ್ರಜ್ಞಾನದ ಮೊದಲ ಮತ್ತು ಅತಿ ಸೋವಿಯ ಕೆಲಸ ಎದುರಾಗುತ್ತದೆ: ಸ್ಪೀಕರನ್ನು ನೆತ್ತಿಯಿಂದ ಇಳಿಸಿ ಮುಂದಿನ ಬಂಪರಿನ ಹಿಂದೆ ಕೂರಿಸುವುದು. ಒಂದು ಸ್ಪ್ಯಾನರು, ಎರಡು ಮೀಟರ್ ವೈರು. ಕ್ಯಾಬಿನ್ನಿನಲ್ಲಿ 10 ಡೆಸಿಬೆಲ್ ಇಳಿದರೆ ಶಕ್ತಿ ಹತ್ತನೆಯ ಒಂದು ಪಾಲಿಗೆ ಬಂತು, ಹದಿನೈದು ನಿಮಿಷದ ಮಿತಿ ಎರಡೂವರೆ ತಾಸಿಗೆ ಏರಿತು. ರಸ್ತೆಯವನ ಕಿವಿಯ ಎತ್ತರಕ್ಕೂ ಅದೇ ಸರಿ. ಇಂಥದ್ದಕ್ಕೆ ತಂತ್ರಜ್ಞಾನ ಎಂಬ ದೊಡ್ಡ ಹೆಸರು ಬೇಕೇ ಎಂದು ಕೇಳಬಹುದು. ನನ್ನ ಪ್ರಕಾರ ಬೇಕು.

ಉಳಿದ ಪ್ರಯೋಗಗಳಲ್ಲಿ ಎರಡು ಮುಖ್ಯ. ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದ ಡೆಬೊರಾ ವಿದಿಂಗ್ಟನ್ 1990ರ ದಶಕದಲ್ಲಿ ತೋರಿಸಿದ್ದೇನೆಂದರೆ, ಸಾದಾ ಸೈರನ್ ಎಲ್ಲಿಂದ ಬರುತ್ತಿದೆ ಎಂದು ಮಿದುಳಿಗೆ ಹೊಳೆಯದಿರಲು ಕಾರಣ ಅದರ ಕಿರಿದಾದ ಸ್ವರ. ಅದಕ್ಕೆ ಎಲ್ಲ ಆವರ್ತನಗಳೂ ಬೆರೆತ 'ಷ್‌...' ಎಂಬ ಸದ್ದನ್ನು ಸೇರಿಸಿದರೆ ದಿಕ್ಕು ಪಕ್ಕನೆ ತಿಳಿಯುತ್ತದೆ. ದಿಕ್ಕು ತಿಳಿದವನು ಬೇಗ ಸರಿಯುತ್ತಾನೆ, ಜೋರು ಬೇಕಿಲ್ಲ. ಇನ್ನೊಂದು ಇದಕ್ಕೆ ತದ್ವಿರುದ್ಧ: ಅಮೆರಿಕದ ಫೆಡರಲ್ ಸಿಗ್ನಲ್ ಕಂಪನಿಯ 'ರಂಬ್ಲರ್'. ಸೈರನ್ನಿನ ಸ್ವರವನ್ನು 182ರಿಂದ 400 ಹರ್ಟ್ಸಿಗೆ ಇಳಿಸಿ, ಮುಂದಿನ ಕಾರಿನ ಸೀಟು, ಸ್ಟಿಯರಿಂಗು ನಡುಗುವಂತೆ ಮಾಡುವುದು ಅದರ ಉಪಾಯ. ಕಾರಿನವನು ಎಚ್ಚೆತ್ತ, ನಿಜ. ಕೆಳಸ್ವರ ಗೋಡೆಯನ್ನೂ ಸಲೀಸಾಗಿ ದಾಟುತ್ತದಾದ್ದರಿಂದ ರಸ್ತೆಬದಿಯ ಮನೆಗಳವರೂ ಎಚ್ಚೆತ್ತರು. 2021ರಲ್ಲಿ ಕೇಂದ್ರ ಸಚಿವ ನಿತಿನ್ ಗಡ್ಕರಿ ಸೈರನ್ನಿನ ಬದಲು ಆಕಾಶವಾಣಿಯ ಬೆಳಗಿನ ರಾಗ ಹಾಕಿಸುವ ಆಲೋಚನೆ ಹೇಳಿದ್ದರು. 1936ರಲ್ಲಿ ವಾಲ್ಟರ್ ಕೌಫ್ಮನ್ ಕಟ್ಟಿದ ಆ ರಾಗ ನನಗೂ ಇಷ್ಟ. ಅದನ್ನು ಕೇಳಿದವನು ಗಾಡಿ ಸರಿಸುತ್ತಾನೋ ಚಹಾಕ್ಕೆ ಕೂರುತ್ತಾನೋ ಎಂಬುದಷ್ಟೇ ಅನುಮಾನ.

ನಿಜವಾದ ಬೆರಗು ಸದ್ದನ್ನು ಬಿಟ್ಟು ರೇಡಿಯೋ ಅಲೆಗೆ ಹೊರಳಿದಾಗ. 2017ರಲ್ಲಿ ಸ್ಟಾಕ್‌ಹೋಮಿನ ಕೆಟಿಎಚ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಒಂದು ಸಾಧನ ಮಾಡಿದರು. ಆಂಬುಲೆನ್ಸಿನಿಂದ ಹೊರಟ ಎಫ್‌ಎಂ ಸಂಕೇತ ಹತ್ತಿರದ ಕಾರುಗಳ ರೇಡಿಯೋದಲ್ಲಿ ಓಡುತ್ತಿರುವ ಹಾಡನ್ನು ತಡೆದು 'ಆಂಬುಲೆನ್ಸ್ ಬರುತ್ತಿದೆ' ಎನ್ನುತ್ತದೆ. ಗಾಡಿ ತಲುಪುವುದಕ್ಕೆ 10ರಿಂದ 15 ಸೆಕೆಂಡು ಮುಂಚೆ. ಗಂಟೆಗೆ 60ರ ವೇಗದಲ್ಲಿ ಅದು 165ರಿಂದ 250 ಮೀಟರ್. ನಿಮ್ಮ ಅಂಗಿಯ ಜೇಬಿನಲ್ಲಿರುವ 4ಜಿ ಮೊಬೈಲು ಟವರಿಗೆ ಮಾತು ಮುಟ್ಟಿಸಲು ಹೊರಡಿಸುವ ಗರಿಷ್ಠ ಶಕ್ತಿ ಸುಮಾರು 0.2 ವಾಟು. 6,400 ವಾಟು ಗಂಟಲು ಹರಿದುಕೊಂಡರೂ ನೂರು ಮೀಟರ್ ದಾಟದ ಸಂದೇಶವನ್ನು ಅದರ 32 ಸಾವಿರದ ಒಂದು ಪಾಲು ಶಕ್ತಿಯ ಅಲೆ, ಯಾರ ನಿದ್ದೆಯನ್ನೂ ಕೆಡಿಸದೆ, ಕಿಲೋಮೀಟರುಗಟ್ಟಲೆ ಒಯ್ಯಬಲ್ಲದು.

ಆದರೆ ಶಹಾಪುರದಿಂದ ಹತ್ತಿ ಹೇರಿಕೊಂಡು ಹೊರಟ ಟ್ರ್ಯಾಕ್ಟರನ್ನು ನೆನೆಯಿರಿ. ಟ್ರಾಲಿಯ ಅಗಲ ಮೀರಿ ಎರಡೂ ಕಡೆ ಉಬ್ಬಿದ ಹೊರೆ. ಹಿಂದಿನದು ಕಾಣುವ ಕನ್ನಡಿ ಇದ್ದರೂ ಅದರಲ್ಲಿ ಹತ್ತಿಯೇ ಕಾಣುತ್ತದೆ. ಮಡ್‌ಗಾರ್ಡಿನ ಮೇಲೆ ಕಟ್ಟಿದ ಡೆಕ್ಕಿನಲ್ಲಿ ಪೆನ್‌ಡ್ರೈವಿನ ಜಾನಪದ. ಆ ಡೆಕ್ಕಿಗೆ ಸ್ವೀಡನ್ನಿನ ಎಫ್‌ಎಂ ಸಂಕೇತ ಮುಟ್ಟುವ ಮಾತೇ ಇಲ್ಲ. ಬೆಂಗಳೂರಿನ ದಾರಿಯೂ ಇಲ್ಲಿ ನಡೆಯದು. ಅಲ್ಲಿ ಸಂಚಾರ ಪೊಲೀಸರು 2024ರಲ್ಲಿ ಆಂಬುಲೆನ್ಸ್ ಚಾಲಕರಿಗಾಗಿ 'ಇ-ಪಾತ್' ಆ್ಯಪ್ ತಂದು ದಾರಿ ಬಿಡಿಸುವ ವ್ಯವಸ್ಥೆ ಶುರುಮಾಡಿದರು. ಗಾಡಿ ಹತ್ತಿರ ಬರುವುದನ್ನರಿತು ಸಿಗ್ನಲ್ ತಾನೇ ಹಸಿರಾದರೆ ಕೂಗುವ ಪ್ರಮೇಯವೇ ಬರುವುದಿಲ್ಲ. ಅಮೆರಿಕದ 3ಎಂ ಕಂಪನಿ 1960ರ ದಶಕದಲ್ಲೇ ಇದರ ಬೀಜ ಹಾಕಿತ್ತು: ಗಾಡಿಯ ಮೇಲೆ ಸೆಕೆಂಡಿಗೆ ಸುಮಾರು 14 ಸಲ ಮಿಂಚುವ ದೀಪ, 750 ಮೀಟರ್ ದೂರದ ಸಿಗ್ನಲ್ ಕಂಬದಲ್ಲಿ ಅದನ್ನು ಗುರುತಿಸುವ ಕಣ್ಣು. ಸಿಗ್ನಲ್ಲಿಗೆ ಸಾಲುಗಟ್ಟಿದ ಊರಿಗೆ ಅದು ಮದ್ದು. ನಮ್ಮಲ್ಲಿ ಗಾಡಿಯನ್ನು ತಡೆಯುವುದು ಸಿಗ್ನಲ್ ಅಲ್ಲವೇ ಅಲ್ಲ, ಕುರಿಹಿಂಡು, ಸಂತೆ, ಮದುವೆ ಮೆರವಣಿಗೆ, ರಸ್ತೆಗೆ ಹರವಿದ ಜೋಳದ ರಾಶಿ. ಎಲ್ಲಕ್ಕಿಂತ ಹೆಚ್ಚಾಗಿ, ದೂರ.

ದೂರದ ಲೆಕ್ಕ ಹೀಗೆ. 108 ಆಂಬುಲೆನ್ಸ್ ಸೇವೆ ಕರ್ನಾಟಕದಲ್ಲಿ ಶುರುವಾದದ್ದು 2008ರ ನವೆಂಬರ್ 1ರಂದು. ಬಹುಕಾಲ ಅದರ ಬಲ ಏಳುನೂರು ಚಿಲ್ಲರೆ ಗಾಡಿ. ರಾಜ್ಯದ 1,91,791 ಚದರ ಕಿ.ಮೀ. ಅನ್ನು ಏಳುನೂರರಿಂದ ಭಾಗಿಸಿದರೆ ಒಂದು ಗಾಡಿಗೆ 274 ಚದರ ಕಿ.ಮೀ., ಅಂದರೆ ಒಂಬತ್ತು ಕಿ.ಮೀ. ಮೀರಿದ ತ್ರಿಜ್ಯದ ವೃತ್ತ. ಯಾದಗಿರಿ ಜಿಲ್ಲೆಯ ವಿಸ್ತೀರ್ಣ ಸುಮಾರು 5,200 ಚದರ ಕಿ.ಮೀ.; 2011ರ ಜನಗಣತಿಯಲ್ಲಿ ಜನ 11.7 ಲಕ್ಷ. ಶಹಾಪುರದಿಂದ ಯಾದಗಿರಿಗೆ 35 ಕಿ.ಮೀ. ಆಸುಪಾಸು, ಸುರಪುರದಿಂದ 60ರ ಹತ್ತಿರ. ಶಹಾಪುರ, ಸುರಪುರ ಎರಡೂ ಊರಿಗೆ ರೈಲಿಲ್ಲ, ಎಲ್ಲವೂ ರಸ್ತೆಯ ಮೇಲೆಯೇ. 2022ರಲ್ಲಿ ಯಾದಗಿರಿಗೆ ಸರ್ಕಾರಿ ಮೆಡಿಕಲ್ ಕಾಲೇಜು ಬಂದದ್ದು ಕೆಲವು ಓಟಗಳನ್ನು ಕಲಬುರಗಿ, ರಾಯಚೂರಿನವರೆಗೆ ಹೋಗದಂತೆ ತಡೆಯಿತು. ನನ್ನನ್ನು ಕೇಳಿದರೆ ಈ ಜಿಲ್ಲೆಯಲ್ಲಿ ಸೈರನ್ ಸದ್ದನ್ನು ಕಡಿಮೆ ಮಾಡಿದ ಅತಿದೊಡ್ಡ ಸಾಧನ ಅದೇ ಕಟ್ಟಡ.

ಸೈರನ್ ಎಷ್ಟು ಹೊತ್ತು ಉಳಿಸುತ್ತದೆ? 1995ರಲ್ಲಿ ಅಮೆರಿಕದ ಗ್ರೀನ್‌ವಿಲ್ ಎಂಬ ಊರಿನಲ್ಲಿ, ಅದೂ ನಮ್ಮ ಸುರಪುರದ ಹಾಗೆ ಐವತ್ತು ಸಾವಿರ ಜನರ ಆಸುಪಾಸಿನ ಊರು, ಸೈರನ್ ಹಾಕಿ ಆಸ್ಪತ್ರೆಗೆ ಹೋದ ಗಾಡಿಗೂ ಅದೇ ದಾರಿಯಲ್ಲಿ ಹಾಕದೆ ಹೋದದ್ದಕ್ಕೂ ಅಂತರ ಅಳೆದರು. ಸರಾಸರಿ 43.5 ಸೆಕೆಂಡು. 2000ದಲ್ಲಿ ಅದೇ ದೇಶದ ಸಿರಕ್ಯೂಸಿನಲ್ಲಿ ಸಿಕ್ಕ ಅಂತರ 1 ನಿಮಿಷ 46 ಸೆಕೆಂಡು. ಇದನ್ನು ಕಿಲೋಮೀಟರಿಗೆ ತಿರುಗಿಸಿ: ಗಂಟೆಗೆ 60ರ ವೇಗದಲ್ಲಿ 43.5 ಸೆಕೆಂಡು ಎಂದರೆ 725 ಮೀಟರ್. ಲಕ್ಷ ಕೋಟಿ ಪಟ್ಟಿನ ಆ ಕೂಗಾಟದ ಫಲ, ಗಾಡಿಯನ್ನು ಮುಕ್ಕಾಲು ಕಿಲೋಮೀಟರ್ ಹತ್ತಿರ ನಿಲ್ಲಿಸಿದ್ದಕ್ಕೆ ಸಮ.

ಇಲ್ಲಿ ಸೈರನ್ನಿನ ಪರವಾಗಿಯೂ ಒಂದು ಮಾತು ಹೇಳದಿದ್ದರೆ ನ್ಯಾಯವಲ್ಲ. ಮುಕ್ಕಾಲು ಕಿಲೋಮೀಟರ್ ಹತ್ತಿರ ತರುವುದು ಸುಲಭವೇನಲ್ಲ. ಒಂಬತ್ತು ಕಿ.ಮೀ. ವೃತ್ತದಲ್ಲಿ ಸರಾಸರಿ ದೂರವನ್ನು ಅಷ್ಟು ಇಳಿಸಲು ಗಾಡಿಗಳನ್ನು ಕಾಲು ಭಾಗಕ್ಕೂ ಮಿಗಿಲಾಗಿ ಹೆಚ್ಚಿಸಬೇಕು. ಸಿರಕ್ಯೂಸಿನ ಅಂತರಕ್ಕೆ ಸಮ ಮಾಡಬೇಕೆಂದರೆ ಗಾಡಿಗಳ ಸಂಖ್ಯೆ ಹೆಚ್ಚುಕಡಿಮೆ ದುಪ್ಪಟ್ಟಾಗಬೇಕು. ಸೈರನ್ ಪೆಟ್ಟಿಗೆ ಅದಕ್ಕಿಂತ ಎಷ್ಟೋ ಸೋವಿ. ಆದರೆ ಆ ಸೆಕೆಂಡುಗಳು ಉಳಿದದ್ದು ವಾಹನ ತುಂಬಿದ ಊರೊಳಗೆ. ತೊಗರಿ ಹೊಲಗಳ ನಡುವಿನ ಖಾಲಿ ಹೆದ್ದಾರಿಯಲ್ಲಿ ಸರಿಯುವವರೇ ಇಲ್ಲದಿದ್ದಾಗ ಸೈರನ್ನು ಯಾರ ಮೇಲೆ ಕೆಲಸ ಮಾಡಬೇಕು?

ಅದು ಬಿಟ್ಟಿಯೂ ಅಲ್ಲ. ಅಮೆರಿಕದಲ್ಲಿ 2016ರ ಸುಮಾರು 1.9 ಕೋಟಿ ಕರೆಗಳನ್ನು ಜಾಲಾಡಿ 2019ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ರೋಗಿಯನ್ನು ಒಯ್ಯುವಾಗ ಲೈಟು-ಸೈರನ್ ಇಲ್ಲದೆ ಲಕ್ಷಕ್ಕೆ 7 ಅಪಘಾತ, ಹಾಕಿಕೊಂಡಾಗ 17. ಮತ್ತೊಂದು ಅಧ್ಯಯನ ಅರವತ್ತು ಲಕ್ಷದಷ್ಟು ಕರೆಗಳನ್ನು ನೋಡಿತು: ನೂರರಲ್ಲಿ 86ಕ್ಕೆ ಸೈರನ್ ಹಾಕಿಯೇ ಹೊರಟಿದ್ದರು, ಜೀವ ಉಳಿಸಬಹುದಾದಂಥ ಚಿಕಿತ್ಸೆ ದಾರಿಯಲ್ಲೋ ಸ್ಥಳದಲ್ಲೋ ಕೊಡಬೇಕಾಗಿ ಬಂದದ್ದು ನೂರಕ್ಕೆ 7ರಲ್ಲಿ ಮಾತ್ರ. ಯಾವುದು ಆ ಏಳು ಎಂದು ಫೋನೆತ್ತಿದವರು ವಿಂಗಡಿಸಿದಷ್ಟೂ ರಸ್ತೆ ತಣ್ಣಗಾಗುತ್ತದೆ. ನಮ್ಮ 108ರ ಕರೆಗಳಲ್ಲಿ ದೊಡ್ಡ ಪಾಲು ಬಸುರಿಯರದು. ನೋವು ತಿನ್ನುತ್ತಿರುವ ಹೆಣ್ಣುಮಗಳಿಗೆ ಗಾಡಿ ಬೇಗ ಬರಬೇಕು, ಅಲುಗಾಡದೆ ಹೋಗಬೇಕು. ಐವತ್ತು ಕಿಲೋಮೀಟರುದ್ದಕ್ಕೂ ತಲೆಯ ಮೇಲೆ ಯೆಲ್ಪ್ ಬೇಕಿಲ್ಲ. ಆದರೆ ಜೊತೆಗೆ ಹತ್ತಿದವರಿಗೆ ಬೇಕು. ಸೈರನ್ ಆರಿಸಿದರೆ "ಯಾಕ್ರಿ ಅಣ್ಣಾ, ಬಂದ್ ಮಾಡಿದ್ರಿ? ಹಾಕ್ರಿ, ಜಲ್ದಿ ಹೋಗ್ರಿ" ಎನ್ನುವುದು ಸಹಜ. ಸದ್ದಿದ್ದರೆ ವೇಗ ಇದೆ ಎಂಬ ಧೈರ್ಯ. ಈ ಒತ್ತಡ ಯಾವ ಡೆಸಿಬೆಲ್ ಮೀಟರಿಗೂ ಸಿಗುವುದಿಲ್ಲ.

ಸದ್ದಿನ ಬದಲು ಸುದ್ದಿ ಮುಂದೆ ಓಡಿದರೆ ಏನಾಗುತ್ತದೆ ಎಂಬುದನ್ನು ಕರ್ನಾಟಕ ಒಮ್ಮೆ ಕಣ್ಣಾರೆ ಕಂಡಿದೆ. 2020ರ ಫೆಬ್ರುವರಿ 6ರಂದು ನಲವತ್ತು ದಿನದ ಕೂಸೊಂದನ್ನು ಹೃದಯ ಶಸ್ತ್ರಚಿಕಿತ್ಸೆಗೆಂದು ಮಂಗಳೂರಿನಿಂದ ಬೆಂಗಳೂರಿನ ಜಯದೇವಕ್ಕೆ ಒಯ್ದರು. ಏಳೆಂಟು ತಾಸಿನ ಮುನ್ನೂರೈವತ್ತು ಕಿ.ಮೀ. ಮೀರಿದ ದಾರಿ, ಸುಮಾರು ನಾಲ್ಕೂವರೆ ತಾಸಿನಲ್ಲಿ ಮುಗಿಯಿತು. ಪೊಲೀಸರ 'ಝೀರೋ ಟ್ರಾಫಿಕ್', ಅದಕ್ಕಿಂತ ಮುಂದೆ ಓಡಿದ ವಾಟ್ಸ್‌ಆ್ಯಪ್ ಸಂದೇಶ, ಊರೂರಿನ ಕ್ರಾಸಿನಲ್ಲಿ ಮೊದಲೇ ಬಂದು ರಸ್ತೆ ಖಾಲಿ ಮಾಡಿಸಿ ನಿಂತ ಜನ. ದಾರಿ ತೆರೆದದ್ದು ಗಾಡಿ ಬರುವ ಎಷ್ಟೋ ನಿಮಿಷ ಮುಂಚೆ. ಸೈರನ್ನಿನ ಪಾಲಿಗೆ ಉಳಿದದ್ದು ಇದೇ ಆ ಗಾಡಿ ಎಂದು ಸಾರುವುದಷ್ಟೇ.

ಹೀಗೆ ಮೊದಲೇ ಸುದ್ದಿ ಮುಟ್ಟಿಸುವುದನ್ನು ಯಂತ್ರಕ್ಕೆ ಒಪ್ಪಿಸುವ ಆಸೆ ಸಹಜ. 2023ರ ಅಕ್ಟೋಬರ್ 12ರಂದು ರಾಜ್ಯದ ಮೊಬೈಲುಗಳೆಲ್ಲ ಒಟ್ಟಿಗೇ ಕಿರುಚಿದ್ದು ನೆನಪಿರಬಹುದು: ಟವರಿನಿಂದ ನೇರ ಎಚ್ಚರಿಕೆ ಕಳಿಸುವ ವ್ಯವಸ್ಥೆಯ ಪರೀಕ್ಷೆ. ಅದನ್ನೇ ಆಂಬುಲೆನ್ಸಿಗೂ ಹಚ್ಚಿದರೆ? ಒಂದು ಟವರಿನ ವ್ಯಾಪ್ತಿ ನಮ್ಮ ಬಯಲುಸೀಮೆಯಲ್ಲಿ ಹಲವು ಕಿಲೋಮೀಟರ್. ರಸ್ತೆಯ ಹತ್ತು ಜನಕ್ಕೆ ಹೇಳಲು ಹೋಗಿ ಹೊಲದಲ್ಲಿದ್ದ ಸಾವಿರ ಜನರ ಜೇಬು ಕಿರುಚುತ್ತದೆ. ಸೈರನ್ನಿನ ಹಳೆಯ ಪೋಲುತನ ಹೊಸ ವೇಷದಲ್ಲಿ ತಿರುಗಿ ಬಂದಂತೆ.

ನನಗೆ ಹಿಡಿಸುವ ಉಪಾಯ ಸಣ್ಣದು. ಗಾಡಿಗೆ ಈಗ ಜಿಪಿಎಸ್ ಇರುತ್ತದೆ, ಸೈರನ್ ಪೆಟ್ಟಿಗೆ ಅದರ ಪಕ್ಕದಲ್ಲೇ. ಎರಡಕ್ಕೂ ಒಂದು ವೈರು ಜೋಡಿಸಿ, ನಕ್ಷೆಯ ಮೇಲೆ ಊರು, ಕ್ರಾಸು, ಸಂತೆಯ ಜಾಗ ಗುರುತಿಸಿಟ್ಟರೆ, ಅಲ್ಲಿಗೆ ಮುನ್ನೂರು ಮೀಟರ್ ಇರುವಾಗ ಸೈರನ್ ತಾನೇ ಏಳುತ್ತದೆ, ದಾಟಿದ ಮೇಲೆ ತಾನೇ ಅಡಗುತ್ತದೆ. ಆಸ್ಪತ್ರೆಯ ನೂರು ಮೀಟರಿನೊಳಗೆ ಬರೀ ದೀಪ. ಬೇಕೆಂದಾಗ ಚಾಲಕನ ಬಟನ್ ಇದ್ದೇ ಇದೆ, ಹತ್ತಿಯ ಟ್ರ್ಯಾಕ್ಟರು ನಕ್ಷೆಯಲ್ಲಿ ಇರುವುದಿಲ್ಲವಲ್ಲ. "ಯಾಕ್ ಬಂದ್ ಮಾಡಿದ್ರಿ" ಎಂದವರಿಗೆ "ಅದು ತಾನಾಗೇ ಆಗ್ತದ್ರಿ" ಎಂಬ ಉತ್ತರವೂ ಸಿಕ್ಕಂತಾಯಿತು; ತಪ್ಪು ಚಾಲಕನ ಕೊರಳಿಗೆ ಬೀಳುವುದಿಲ್ಲ. ಸುರಪುರದಿಂದ ಕಲಬುರಗಿಯ ನೂರು ನಿಮಿಷದಲ್ಲಿ, ನಿಮಿಷಕ್ಕೆ ಹನ್ನೆರಡರಂತೆ, ವೇಲ್ 1,200 ಸಲ ಏರಿ ಇಳಿಯುತ್ತದೆ. ದಾರಿಯಲ್ಲಿ ಹದಿನೈದು ಊರು-ಕ್ರಾಸು ಎಂದಿಟ್ಟುಕೊಂಡು, ಒಂದೊಂದಕ್ಕೆ ಇಪ್ಪತ್ತು ಸೆಕೆಂಡು ಕೊಟ್ಟರೂ ಬೇಕಾಗುವುದು ಐದೇ ನಿಮಿಷ, ಅರವತ್ತೇ ಸಲ.